ಅಡಿಕೆಗೆ ಹೋದ ಮಾನ

ಇಂಗ್ಲಿಷಿನಲ್ಲಿ ‘ಅರೆಕ’ ಎಂಬುದೊಂದು ಶಬ್ದವುಂಟು. ಸಸ್ಯಶಾಸ್ತ್ರದ ಗ್ರಂಥಗಳನ್ನೂ ವ್ಯಾಪಾರದ ಕಾಗದಗಳನ್ನೂ ಬಿಟ್ಟರೆ ಅದು ಅಷ್ಟಾಗಿ ಕಾಣಸಿಗದು. ಅರ್ಥವು ನಮ್ಮ ಅಡಿಕೆಯೇ. ಈ ಶಬ್ದವು ಕನ್ನಡದಿಂದಲೇ ಹೋದುದೆಂದು ಕೆಲವು ಭಾಷಾಭಿಮಾನಿಗಳು ಸಭೆಗಳಲ್ಲಿ ಸಾರುವುದನ್ನೂ, ಸಭಿಕರು ಕರತಾಡನ ಮಾಡುವುದನ್ನೂ ಕಂಡಿದ್ದೇವೆ. ಕರತಾಡನವು ಪ್ರಮಾಣವಲ್ಲವೆಂದು ವಿನಯದಿಂದ ಅರಿಕೆ ಮಾಡಬೇಕಾಗಿದೆ.

ನಮ್ಮ ಡಕಾರವು ಪರದೇಶೀಯರ ಕಿವಿಗೆ ರಕಾರವಾಗಿ ಕೇಳಿಸಿ, ‘ಅಡಿಕೆ’ಯು ‘ಅರೆಕ’ವಾಯಿತೆಂಬುದು ಅವರ ವಾದ. ಡಕಾರದ ಮಾತು ನಿಜ. ಆದರೆ ಅದೇ ನಿಯಮವು ಮಲೆಯಾಳದ ‘ಅಡಕ್ಕ’ಕ್ಕೂ ಸಲ್ಲುವುದಷ್ಟೆ? ಮೇಲಾಗಿ, ಕಡೆಯ ಅಕಾರವಿರುವುದು ಅಲ್ಲಿ, ನಮ್ಮಲ್ಲಿರುವುದು ಎಕಾರ. ನಡುವಣ ಸ್ವರವು ನಮ್ಮ ಕಡೆಗೆ ವಾಲುವುದೆಂದು ಅವರು ಹೇಳಬಹುದು. ಹೀಗೆ ಧ್ವನಿಯಿಂದ ತೀರದ ವ್ಯಾಜ್ಯವನ್ನು ಚರಿತ್ರೆಯು ತೀರಿಸಬೇಕು.

ವಾಸ್ಕೋ ಡ ಗಾಮನು 1498ರಲ್ಲಿ ಬಂದಿಳಿದುದು ಮಲೆಯಾಳ ನಾಡಿನ ಕಲ್ಲಿಕೋಟೆಯ ಬಳಿಯಲ್ಲಿ. ಇಟಲಿಯ ವರ್ತೆಮನ ಪ್ರವಾಸಗ್ರಂಥವು 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಕಲ್ಲಿಕೋಟೆಯ ಪ್ರಕರಣದಲ್ಲಿ ಆತನು ಈ ಮರಕ್ಕೆ ‘ಅರೆಕ’ವೆಂದೇ ಹೆಸರು ಕೊಟ್ಟಿರುವನು. ಪೋರ್ತುಗೀಸರು ಗೋವೆಯನ್ನು ಹಿಡಿದುದೂ ಅದೇ ವರ್ಷ. ಎಂದರೆ, ಅವರು ನಮ್ಮ ನೆರೆಯಲ್ಲಿ ನೆಲೆಯೂರುವ ಮೊದಲೇ ಶಬ್ದವು ಪಶ್ಚಿಮದ ಲೇಖನಿಗೆ ಏರಿದ್ದಿತು. ಇಂಗ್ಲಿಷಿಗೆ ಅದನ್ನು ಮುಟ್ಟಿಸಿದವರು ಪೋರ್ತುಗೀಸರೇ. 1886ರಲ್ಲಿ ಹೊರಬಂದ ‘ಹಾಬ್ಸನ್–ಜಾಬ್ಸನ್’ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಪಂಡಿತರು ಮಲೆಯಾಳದ ‘ಅಡಕ್ಕ’ವನ್ನೇ ಮೂಲವೆಂದು ಬರೆದಿರುವರು.

ಹಾಗಾದರೆ ಕನ್ನಡಕ್ಕೆ ಉಳಿದುದೇನು? ಎಂದು ಕೇಳುವವರಿಗೆ ಉತ್ತರವಿದು: ಕನ್ನಡದ ಅಡಿಕೆ, ಮಲೆಯಾಳದ ಅಡಕ್ಕ, ತಮಿಳಿನ ಅಡೈಕ್ಕಾಯ್ ಒಂದೇ ಬಸಿರಿನಲ್ಲಿ ಹುಟ್ಟಿದ ಅಕ್ಕತಂಗಿಯರು. ಹಡಗು ತಂಗಿಯ ಮನೆಯ ಮುಂದೆ ನಿಂತು ತಾಂಬೂಲ ಪಡೆದರೆ ಅಕ್ಕನ ಹಿರಿಮೆಗೆ ಕುಂದೇನು? ಶಬ್ದಗಳ ಸಾದೃಶ್ಯವು ಬಂಧುತ್ವವನ್ನು ತೋರೀತು, ಕೊಟ್ಟವರಾರೆಂಬುದನ್ನು ತೋರಲಾರದು. ಈ ಎರಡನ್ನೂ ಬೆರಸುವುದೇ ನಮ್ಮ ಮಿತ್ರರ ದೋಷ.

ಇದು ಅಲ್ಪವಿಷಯವೆಂದು ವಾಚಕರು ಎಣಿಸಬಾರದು. ಪರರ ಸೊತ್ತನ್ನು ತನ್ನದೆಂದವನ ಮಾತನ್ನು, ಆತನು ತನ್ನ ಸ್ವಂತ ಸೊತ್ತನ್ನು ಕೇಳುವಾಗಲೂ ಯಾರೂ ನಂಬರು. ಕನ್ನಡದ ನಿಜವಾದ ಹಕ್ಕುಗಳನ್ನು ವಿದ್ವತ್ಸಭೆಯಲ್ಲಿ ಮಂಡಿಸಬೇಕಾದ ದಿನ ನಮ್ಮ ಬಾಯಿ ಕಟ್ಟದಿರಬೇಕಾದರೆ, ಇಂದು ಈ ಸುಳ್ಳು ಹಕ್ಕನ್ನು ನಾವೇ ಬಿಟ್ಟುಕೊಡಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೆ?