ಕಿವಿ ಮುಚ್ಚಿಕೊಂಡು ಕೇಳೋಣ

ಮೊಹರಂ ಪದಗಳನ್ನು ಸಂಗ್ರಹಿಸಲು ನಮ್ಮ ಕನ್ನಡ ಸಂಘಕ್ಕೆ ಸ್ವಲ್ಪ ಹಣ ಬಂದಿದೆ. ಅದರಲ್ಲಿ ಏನು ಕೊಳ್ಳಬೇಕು ಎಂಬ ಚರ್ಚೆಯಲ್ಲಿ ಹೆಚ್ಚಿನವರು ಇನ್ನೊಂದು ಮೈಕ್ ಎಂದರು, ಕೆಲವರು ಟ್ರೈಪಾಡ್ ಎಂದರು. ನಾನು ಹೆಡ್‌ಫೋನ್ ಎಂದಾಗ ಎಲ್ಲರೂ ನಕ್ಕರು. "ಹಾಡು ಕೇಳೋಕೆ ನಿನ್ನ ಮೊಬೈಲ್ ಸಾಲಲ್ವಾ?" ಎಂದ ಒಬ್ಬ. ಅಲ್ಲಿ ಉತ್ತರ ಕೊಡಲು ಆಗಲಿಲ್ಲ, ಇಲ್ಲಿ ಕೊಡುತ್ತೇನೆ.

ಕಳೆದ ಮೊಹರಂ ಮುಗಿದ ಮೇಲೆ ಹಡಗಲಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಹಾಡಿದವರು ಎಪ್ಪತ್ತು ದಾಟಿದ ಅಜ್ಜ. ಅವರು ಮುಸ್ಲಿಮರಲ್ಲ, ಕುರಿ ಕಾಯುವ ಮನೆತನದವರು. ರಿವಾಯತ್ ಪದಗಳನ್ನು ಕಲಿತದ್ದು ಚಿಕ್ಕಂದಿನಲ್ಲಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ. ಹಸನ್, ಹುಸೇನರ ಕಥೆಯನ್ನು, ಕರ್ಬಲಾದ ನೀರಡಿಕೆಯನ್ನು ನಮ್ಮ ಸೀಮೆಯ ಕನ್ನಡದಲ್ಲೇ ನಲವತ್ತು ನಿಮಿಷ ಹಾಡಿದರು. "ನನ್ನ ಹಿಂದ ಇದನ್ನ ಹಾಡೋರು ಯಾರೂ ಇಲ್ಲಪ್ಪಾ, ಸರಿಯಾಗಿ ಹಿಡ್ಕೊಂಡಿಯೇನು?" ಎಂದು ಕೊನೆಗೆ ಕೇಳಿದರು. ಹೂಂ ಅಜ್ಜಾ ಎಂದೆ.

ಲ್ಯಾಪ್‌ಟಾಪ್ ಮುಂದೆ ಕೂತಿದ್ದವನು ನಾನೇ. ಅಜ್ಜನ ಮುಂದೆ ಯುಎಸ್‌ಬಿ ಮೈಕ್ ಇತ್ತು, ಆಡಾಸಿಟಿಯ ಪರದೆಯ ಮೇಲೆ ನೀಲಿ ಅಲೆ ಚೆನ್ನಾಗಿ ಓಡುತ್ತಿತ್ತು. ಮನೆಗೆ ಬಂದು ಹಾಕಿ ನೋಡಿದರೆ ದನಿ ಬಾವಿಯೊಳಗಿಂದ ಬಂದಂತಿದೆ. ಅದರ ಮೇಲೆ ಲ್ಯಾಪ್‌ಟಾಪ್ ಫ್ಯಾನಿನ ಗುಯ್ ಸದ್ದು, ನನ್ನದೇ ಬೆರಳುಗಳ ಟಕಟಕ. ಆಡಾಸಿಟಿ ಯುಎಸ್‌ಬಿ ಮೈಕ್ ಬಿಟ್ಟು ಲ್ಯಾಪ್‌ಟಾಪಿನೊಳಗಿನ ಮೈಕನ್ನು ಹಿಡಿದುಕೊಂಡಿತ್ತು. ಅಲೆ ಓಡುವುದನ್ನು ನೋಡಿ ನಾನು ನಂಬಿದ್ದೆ. ಅಲೆಗೆ ಯಾವ ಮೈಕ್ ಆದರೇನು!

ಎರಡು ತಿಂಗಳ ಮೇಲೆ ಮತ್ತೆ ಹೋದೆವು. ಅಜ್ಜನಿಗೆ ಲಕ್ವ ಹೊಡೆದಿತ್ತು. ನಮ್ಮನ್ನು ಗುರುತು ಹಿಡಿದರು, ಚಹಾ ಕೊಡಿಸಿದರು. ಹಾಡಲು ನಾಲಿಗೆ ತಿರುಗುತ್ತಿರಲಿಲ್ಲ.

ಪದಗಳ ಸಾಹಿತ್ಯ ಎಲ್ಲಾದರೂ ಉಳಿದೀತು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ರಹಮತ್ ತರೀಕೆರೆ ಅವರು ಕರ್ನಾಟಕದ ಮೊಹರಂ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಆದರೆ ಆ ಅಜ್ಜ ಎಲ್ಲಿ ಉಸಿರು ಹಿಡಿಯುತ್ತಿದ್ದರು, ಯಾವ ಅಕ್ಷರವನ್ನು ಎಳೆಯುತ್ತಿದ್ದರು ಎಂಬುದು ಪುಸ್ತಕಕ್ಕೆ ಬರುವುದಿಲ್ಲ.

ಹೆಡ್‌ಫೋನ್ ಹಾಕಿಕೊಂಡರಷ್ಟೇ ಸಾಲದು, ಎಲ್ಲಿ ಚುಚ್ಚುತ್ತೇವೆ ಎಂಬುದೂ ಮುಖ್ಯ. ಬಹಳಷ್ಟು ಯುಎಸ್‌ಬಿ ಮೈಕ್‌ಗಳಲ್ಲೇ ಹೆಡ್‌ಫೋನಿಗೆ ಒಂದು ತೂತು ಇರುತ್ತದೆ. ಅಲ್ಲಿ ಮೈಕಿನ ದನಿ ಲ್ಯಾಪ್‌ಟಾಪಿಗೆ ಹೋಗಿಬರದೆ ನೇರವಾಗಿ ಕೇಳುತ್ತದೆ, ತಡವಾಗುವುದಿಲ್ಲ. ಆಡಾಸಿಟಿಯ ಮೂಲಕ ಕೇಳಿದರೆ ತಡ ಖಂಡಿತ, ಅದರ ಬಫರ್ ಮೊದಲಿಗೇ 100 ಮಿಲಿಸೆಕೆಂಡಿಗೆ ಇರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದೇ ದನಿ ಎರಡೆರಡು ಸಲ ಕೇಳಿ ತಲೆ ಕೆಡುತ್ತದೆ. ಆದ್ದರಿಂದ ಆಡಾಸಿಟಿಯಲ್ಲಿ ಸಾಫ್ಟ್‌ವೇರ್ ಪ್ಲೇಥ್ರೂ ಆಫ್ ಮಾಡಬೇಕು. ಬ್ಲೂಟೂತ್ ಈ ಕೆಲಸಕ್ಕೆ ಬೇಡವೇ ಬೇಡ, ಅದರದೂ ತಡವೇ.

ಇಲ್ಲೊಂದು ಮೋಸವಿದೆ, ನನಗೂ ಆಮೇಲೆ ಹೊಳೆದದ್ದು. ನೇರ ತೂತಿನಲ್ಲಿ ಕೇಳುವುದು ಮೈಕಿಗೆ ಕೇಳಿದ್ದು, ಲ್ಯಾಪ್‌ಟಾಪ್ ಬರೆದುಕೊಂಡದ್ದಲ್ಲ. ಅವತ್ತು ನಾನು ಹೆಡ್‌ಫೋನನ್ನು ಅಲ್ಲಿ ಹಾಕಿ ಕೂತಿದ್ದರೂ ದನಿ ಸೊಗಸಾಗಿ ಕೇಳುತ್ತಿತ್ತು, ಫೈಲು ಹಾಗೆಯೇ ಕೆಡುತ್ತಿತ್ತು. ಅದಕ್ಕೇ ಶುರು ಮಾಡುವ ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಅದನ್ನೇ ಹಾಕಿ ಕೇಳಬೇಕು. ಆ ಅರ್ಧ ನಿಮಿಷದಲ್ಲಿ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕೆರೆದ ಸದ್ದು ಹತ್ತಿರದಲ್ಲಿ ಜೋರಾಗಿ ಬಂದರೆ ಮೈಕ್ ಸರಿ.

ಆಮೇಲೆ ಹಾಡು ಮುಗಿಯುವವರೆಗೂ ಹೆಡ್‌ಫೋನ್ ತೆಗೆಯಬಾರದು. ಅರ್ತ್ ಇಲ್ಲದ ಮನೆಯಲ್ಲಿ ಚಾರ್ಜರ್ ಹಾಕಿದರೆ ಬರುವ ಗುಂಯ್, ಮೈಕಿಗೆ ತಾಗುವ ಗಾಳಿ, ದನಿ ಏರಿದಾಗ ಒಡೆಯುವುದು, ಇವೆಲ್ಲ ಕಿವಿಗೆ ಬೇಗ ಗೊತ್ತಾಗುತ್ತವೆ. ಒಡೆದ ದನಿಯನ್ನು ಆಮೇಲೆ ಮೊದಲಿನಂತೆ ಮಾಡಲಾಗದು. ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದೇ ಆಗಬೇಕು. ಇಲ್ಲದಿದ್ದರೆ ಎದುರಿಗೆ ಹಾಡುವ ದನಿಯೇ ಕಿವಿಗೆ ನುಗ್ಗಿ, ಮೈಕಿನದು ಯಾವುದು ಎಂದು ತಿಳಿಯುವುದಿಲ್ಲ.

ಹಿರಿಯರ ಮುಂದೆ ಕಿವಿ ಮುಚ್ಚಿಕೊಂಡು ಕೂತರೆ ಅಗೌರವ ಎನ್ನುವ ಮಾತು ಬಂತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಹರಪನಹಳ್ಳಿ ಹತ್ತಿರ ಒಬ್ಬರು, "ನಾ ಹಾಡೋದು ಬಿಟ್ಟು ಏನ್ ಕೇಳ್ತೀಯೋ?" ಎಂದು ನೇರವಾಗಿ ಬೈದೇಬಿಟ್ಟರು. ಬೇರೆಯವರಿಂದ ಕೇಳಿ ತಂದಿದ್ದ ಹೆಡ್‌ಫೋನನ್ನು ಅವರ ತಲೆಗೇ ಹಾಕಿ, "ಒಂದ್ ನುಡಿ ಹಾಡ್ರಿ ಕಾಕಾ" ಎಂದೆ. ತಮ್ಮ ದನಿ ಕೇಳಿ ಕಣ್ಣರಳಿಸಿದರು. ಇನ್ನೊಂದು ನುಡಿ ಹಾಡಿದರು. ತೆಗೆದುಕೊಡಲು ಅವರಿಗೇ ಮನಸ್ಸಿರಲಿಲ್ಲ.

ಎರಡನೇ ಮೈಕ್ ಮುಂದಿನ ವರ್ಷ ಬರಲಿ. ಬರುವ ಭಾನುವಾರ ಕೊಟ್ಟೂರು, ಕೂಡ್ಲಿಗಿ ಕಡೆ ಹೊರಡುವುದೆಂದು ತೀರ್ಮಾನವಾಗಿದೆ, ಹಗರಿಬೊಮ್ಮನಹಳ್ಳಿಯದು ಅದರ ಮುಂದಿನ ವಾರ. ಬ್ಯಾಗಿನಲ್ಲಿ ಹೆಡ್‌ಫೋನ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಮುಂದೆ ಬೇರೆಯವರು ಕೂರಲಿ ಎಂದು ಸಂಘದ ಕಾರ್ಯದರ್ಶಿಗೆ ಹೇಳಿದ್ದೇನೆ.