ಕುಗ್ಗಿಸುವ ವಿದ್ಯೆಯೂ ನಮ್ಮ ತಾಳೆಗರಿಗಳೂ

ಮೊಬೈಲಿನಿಂದ ಮೊಬೈಲಿಗೆ ಕ್ಷಣಾರ್ಧದಲ್ಲಿ ಸಾಗುವ ಜೆಪೆಗ್ ಚಿತ್ರಗಳಿಗೆ ಆಧಾರವಾದ ಗಣಿತವನ್ನು ಮೊದಲು ಕಲ್ಪಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಇಂಜಿನಿಯರಿಂಗ್ ವ್ಯಾಸಂಗ ಮಾಡಿದ ನಾಸಿರ್ ಅಹ್ಮದರೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ವಿಚಾರವು ಅತಿಸರಳವೆಂಬ ಆಕ್ಷೇಪದೊಡನೆ ಅಮೆರಿಕದಲ್ಲಿ ಧನಸಹಾಯವು ನಿರಾಕೃತವಾದರೂ, ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡಗೂಡಿ 1974ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಚಿತ್ರವನ್ನು 64 ಬಿಂದುಗಳ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದರ ಛಾಯಾಭೇದವನ್ನು ತರಂಗಗಳಾಗಿ ವಿಂಗಡಿಸಿ, ಕಣ್ಣು ಗಮನಿಸಲಾರದ ಸೂಕ್ಷ್ಮಾಂಶವನ್ನು ತ್ಯಜಿಸುವ ಈ ವಿಧಾನವು ಮದುವೆಯ ಭಾವಚಿತ್ರಕ್ಕೆ ಸರ್ವಥಾ ಉಚಿತವೇ. ಆದರೆ ತ್ಯಜಿಸಿದುದು ಮರಳಿ ದೊರೆಯದಾದ ಕಾರಣ, ಮಾಸಿದ ತಾಳೆಗರಿಯಲ್ಲಿ ಒತ್ತಕ್ಷರದ ಕ್ಷೀಣರೇಖೆಯೊಂದು ಅಳಿದರೆ ಪಾಠವೇ ಕೆಟ್ಟೀತು. ಆದುದರಿಂದ ಓದುಗರಿಗೆ ಜೆಪೆಗ್ ಪ್ರತಿಯನ್ನು ಕೊಟ್ಟರೂ, ಮೂಲಬಿಂಬವನ್ನು ನಷ್ಟವಿಲ್ಲದ ಪಿಎನ್‌ಜಿ ರೂಪದಲ್ಲಿಯೇ ಕಾಪಾಡಬೇಕೆಂದು ನಮ್ಮ ಹಸ್ತಪ್ರತಿ ಭಂಡಾರಗಳನ್ನು ಪ್ರಾರ್ಥಿಸುತ್ತೇನೆ.