ಮೊದಲು ತಾಯಿಯ ತಟ್ಟೆ ನೋಡಿ

ಹುಟ್ಟಿದ ಕೂಸು ತಕ್ಕಡಿಯಲ್ಲಿ ಎರಡೂವರೆ ಕಿಲೋ ತೂಗದಿದ್ದರೆ ತಾಯಿ ಕಾರ್ಡಿನಲ್ಲಿ ‘ಕಡಿಮೆ ತೂಕ’ ಎಂದು ಬರೆಯುತ್ತಾರೆ. ಅಲ್ಲಿಂದ ತಾಯಿಯ ವಿಚಾರಣೆ ಶುರು. ಹಾಲು, ಹಣ್ಣು, ಸೊಪ್ಪು ತಿನ್ನು ಅಂತ ಹೇಳಿರಲಿಲ್ಲವೇನು? ತಿಳಿವಳಿಕೆಯೇ ಇಲ್ಲ ನಿನಗೆ!

ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ರಾಯಚೂರು, ಯಾದಗಿರಿಯ ಹತ್ತಿ ಹೊಲಗಳಲ್ಲಿ ತುಂಬು ಬಸುರಿ ಬಗ್ಗಿ ಕಳೆ ತೆಗೆಯುತ್ತಾಳೆ. ನಸುಕಿನಲ್ಲಿ ರೊಟ್ಟಿ, ಖಾರ ಕಟ್ಟಿಕೊಂಡು ಹೋದವಳು ಹೊತ್ತು ಮುಳುಗಿದ ಮೇಲೆ ಬಂದು, ಒಲೆ ಹಚ್ಚಿ, ಎಲ್ಲರೂ ಉಂಡಾದ ಮೇಲೆ ಗಡಿಗೆಯ ತಳ ಕೆರೆಯುತ್ತಾಳೆ. ಹೆಚ್ಚು ಉಂಡರೆ ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆಂದು ಹೆದರಿಸುವ ಹಿರಿಯರೂ ಇದ್ದಾರೆ. 2017ರಿಂದ ‘ಮಾತೃಪೂರ್ಣ’ ಇದೆ, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ. ಒಳ್ಳೆಯ ಕೆಲಸವೇ. ಆದರೆ ಮಧ್ಯಾಹ್ನ ಆಕೆ ಇರುವುದು ಹೊಲದಲ್ಲಿ. ಉಣ್ಣಲು ಬಂದರೆ ಕೂಲಿ ಹೋಯಿತು. ಚೊಚ್ಚಲ ಕೂಸಿಗೆಂದು ಸರ್ಕಾರದಿಂದ ಕಂತಿನಲ್ಲಿ ಬರುವ ಐದು ಸಾವಿರ ರೂಪಾಯಿ ಎಷ್ಟು ದಿನದ ಕೂಲಿಯಾದೀತು?

ಇನ್ನು ತತ್ತಿ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರದಲ್ಲಿ ಶಾಲೆಯ ಮಕ್ಕಳಿಗೆ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಕೆಲ ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಹೊಟ್ಟೆ ತುಂಬಿದವರು ಹಸಿದ ಕೂಸಿನ ತಟ್ಟೆಗೆ ಕೈ ಹಾಕಿದರು. ಇದಕ್ಕಿಂತ ದೊಡ್ಡ ಮೈಲಿಗೆ ನನಗೆ ಗೊತ್ತಿಲ್ಲ. ಆ ಶಾಲೆಯ ಹುಡುಗಿಯರೇ ತಾನೆ ನಾಳಿನ ಬಸುರಿಯರು? ರಕ್ತವಿಲ್ಲದ ಹುಡುಗಿ ರಕ್ತವಿಲ್ಲದ ತಾಯಿಯಾಗುತ್ತಾಳೆ, ಆಕೆಯ ಕೂಸು ಹೊಟ್ಟೆಯಲ್ಲೇ ಸೊರಗುತ್ತದೆ.

ಹೊಟ್ಟೆಯಲ್ಲಿ ಸೊರಗಿದ್ದು ಅಲ್ಲಿಗೇ ಮುಗಿಯುವುದೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹುಟ್ಟುತೂಕದ ಪುಸ್ತಕಗಳನ್ನು ಹಿಡಿದು, ಆ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ವೈದ್ಯರು 1996ರಲ್ಲೇ ಹೇಳಿದರು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ತಾಯಿ ಅಂದು ಉಣ್ಣದ ಅನ್ನ ಮಗನ ಎದೆನೋವಾಗಿ ಐವತ್ತು ವರ್ಷದ ಮೇಲೆ ಬಂತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಬೆಂಗಳೂರಿನ ಗಾಜಿನ ಕಟ್ಟಡಗಳಿರುವ ಇದೇ ರಾಜ್ಯದಲ್ಲಿ.

ಬಿಸಿಯೂಟವನ್ನು ಹೊಲಕ್ಕೆ ಒಯ್ಯಿರಿ. ಇಲ್ಲವೇ ಏಳನೇ ತಿಂಗಳಿಂದ ಆಕೆಯ ಕೂಲಿಯನ್ನು ಮನೆಗೇ ಕೊಡಿ. ಅಲ್ಲಿಯವರೆಗೆ ಕಾರ್ಡು ತೋರಿಸಿ ಆ ತಾಯಿಯನ್ನು ಬೈಯಬೇಡಿ.